ಮೂಗಿನ ಮೇಸ್ತ್ರಿಯ ಹೆಂಡತಿ

ಪೆಟ್ರೋಲಿನ ವಾಸನೆ ಎಂದರೆ ಹೊಲಿಗೆಯಮ್ಮನಿಗೆ ಹೊಟ್ಟೆ ತೊಳಸುತ್ತದೆ. ಮದುವೆಯಾದ ಹೊಸತರಲ್ಲೇ ತೊಳಸಿ ವಾಂತಿಯಾಗಿ, ಅತ್ತೆ ಮೊಮ್ಮಗು ಬಂತೆಂದು ಬೀದಿಗೆಲ್ಲ ಸಾರಿಬಿಟ್ಟಿದ್ದರು. ಕಟ್ಟಿಕೊಂಡದ್ದೋ ಮೆಕ್ಯಾನಿಕ್ಕನ್ನು, ಇನ್ನೆಲ್ಲಿ ತಪ್ಪಿಸಿಕೊಳ್ಳುವುದು! ಹೊಲಿಯಲು ಕೊಟ್ಟವರು ಬಟ್ಟೆಯನ್ನು ಮೂಗಿಗೆ ಹಿಡಿದು, ಏನಮ್ಮಾ, ಪೆಟ್ರೋಲ್ ಬಂಕಿನಲ್ಲಿ ಕೂತು ಹೊಲಿದಿರಾ ಎಂದು ಕೇಳಿದಾಗ ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸುತ್ತಿತ್ತು. ಅಂದಿನಿಂದ ಮನೆಯಲ್ಲಿ ಕಟ್ಟಳೆ: ಗಂಡ ಅಂಗಿಯನ್ನು ಹಿತ್ತಿಲಲ್ಲೇ ಬಿಚ್ಚಬೇಕು, ಹೊಲಿಗೆ ಕೋಣೆಯ ಹೊಸ್ತಿಲು ದಾಟಬಾರದು, ಅವಳ ಬಟ್ಟೆ ಕತ್ತರಿಗೆ ಕೈ ಹಚ್ಚಬಾರದು. ಆ ಕತ್ತರಿಯಿಂದ ಮಗಳು ಚಿಕ್ಕವಳಿದ್ದಾಗ ಒಮ್ಮೆ ಬಣ್ಣದ ಕಾಗದ ಕತ್ತರಿಸಲು ಹೋಗಿ ಪೆಟ್ಟು ತಿಂದಿದ್ದಳು. ಕಾಗದಕ್ಕೆ ಹಾಕಿದ ಕತ್ತರಿ ಮೊಂಡಾಗಿ ಮತ್ತೆ ಬಟ್ಟೆಗೆ ಬರುವುದಿಲ್ಲ.

ಹೊರಗೆ ಮಾತ್ರ ಅದೇ ಗಂಡನಿಗೆ ಭಾರಿ ಹೆಸರು. ಮೂಗಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಾಡಿಯ ಹೊಗೆಯನ್ನು ಒಂದು ಸಲ ಮೂಸಿ, ಪೆಟ್ರೋಲು ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು ಎಂದು ಹೇಳುತ್ತಿದ್ದ; ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಆ ಜಂಬಕ್ಕೆ ಹೊಲಿಗೆಯಮ್ಮ ಮೂಗು ಮುರಿಯುತ್ತಿದ್ದಳು. ನಾಯಿಯೂ ಮೂಸುತ್ತದೆ, ಅದಕ್ಕೆ ಯಾರೂ ಮೇಸ್ತ್ರಿ ಅನ್ನುವುದಿಲ್ಲ ಎನ್ನುತ್ತಿದ್ದಳು.

ಈಗ ಅವನಿಗೆ ಹಿತ್ತಿಲಲ್ಲಿ ತಾಡಪಾಲು ಹೊದ್ದು ಮಲಗಿದ್ದ ಹಳೇ ಜೀಪಿನ ಹುಚ್ಚು ಹಿಡಿದಿತ್ತು. ಭಾನುವಾರ ಮಗಳು ಬರುತ್ತಾಳೆ, ಮೊಮ್ಮಗಳನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತಾಳೆ, ಅಷ್ಟರಲ್ಲಿ ಜೀಪು ಓಡಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ನೇರ ಅಡುಗೆಮನೆಗೇ ತಂದ. ಒಳಗೆ ನೋಡಿದರೆ ಜೇನಿನ ಬಣ್ಣದ, ಸತ್ತ ಇಲಿಯ ನಾತದ ಅಂಟು. ಅದರಲ್ಲೊಂದು ಜಿರಳೆ ಕಾಲು ಮಡಚಿಕೊಂಡು ಒಣಗಿತ್ತು. ಪೆಟ್ರೋಲು ಹೋಗುವ ತೂತಿನ ಪುಟ್ಟ ಹಿತ್ತಾಳೆ ಜೆಟ್ಟುಗಳನ್ನು ಆತ ಅವಳ ಚಹಾ ಸೋಸುವ ಜರಡಿಯಲ್ಲೇ ಹಾಕಿ ತೊಳೆದ. ಅವಳು ಅಸಹ್ಯಪಟ್ಟು ಜರಡಿಯನ್ನು ಇಕ್ಕಳದಲ್ಲಿ ಎತ್ತಿ ಕಸಕ್ಕೆ ಎಸೆದಳು.

ಮರುದಿನ ಅವಳು ಗುಂಡಿ, ದಾರ ತರಲು ಹೋಗಿ ಬರುವಷ್ಟರಲ್ಲಿ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗಿತ್ತು. ಕಮರು ವಾಸನೆ ಬೀದಿಯ ಮೂಲೆಗೇ ಬಡಿಯುತ್ತಿತ್ತು. ಗಂಡ ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ ಕೂತು ಕಾರ್ಬೊರೇಟರಿನ ಫ್ಲೋಟಿನ ಸೂಜಿ ಉಜ್ಜುತ್ತಿದ್ದ. ಬಾಯಿಗೆ ಬಂದಂತೆ ಬೈದಳು. ಗಮನ ಇರಲಿಲ್ಲ ಎಂದ. ಬೈದ ಮೇಲೆ, ಬೀದಿಗೇ ಬಡಿದ ವಾಸನೆ ಇವನ ಮೂಗಿಗೆ ಯಾಕೆ ಬಡಿಯಲಿಲ್ಲ ಎಂದು ಅವಳಿಗೆ ಒಳಗೊಳಗೇ ಕೊರೆಯತೊಡಗಿತು.

ಸಂಜೆ ಒಂದು ಬಟ್ಟೆಯನ್ನು ಫಿನಾಯಿಲಿನಲ್ಲಿ ಅದ್ದಿ ತಂದು ಅವನ ಮೂಗಿನ ಕೆಳಗೆ ಹಿಡಿದಳು. "ಇದರಲ್ಲಿ ಪೆಟ್ರೋಲು ಇನ್ನೂ ಇದೆಯಾ ನೋಡ್ರಿ."

ಆತ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದು, ತಲೆದೂಗಿದ. "ಇದೆ, ಇದೆ. ಹಳೇ ಪೆಟ್ರೋಲು."

ಥೂ! ಸುಳ್ಳು ಹೇಳಿದ್ದಕ್ಕಿಂತ ಆ ತಲೆದೂಗಿದ ನಾಟಕ ಕಂಡು ಅವಳಿಗೆ ಹೇಸಿಗೆಯಾಯಿತು. ಮರುಗಳಿಗೆಗೇ ಇನ್ನೊಂದು ಹೊಳೆಯಿತು. ಕಾರ್ಬೊರೇಟರ್ ಕೂರುವುದು ಇಂಜಿನ್ನಿನ ಕಾದು ಸುಡುವ ಕೊಳವೆಯ ಮೇಲೆ. ಅಲ್ಲಿ ಪೆಟ್ರೋಲು ಜಿನುಗಿದರೆ ಇವನಿಗೆ ಗೊತ್ತಾಗುವುದಿಲ್ಲ, ಜೀಪಿನಲ್ಲಿ ಕೂರುವುದು ಮೊಮ್ಮಗಳು.

ಶನಿವಾರ ಕಾರ್ಬೊರೇಟರ್ ಕೂರಿಸಿ ಆತ ಇಂಜಿನ್ನು ಶುರು ಮಾಡಿದಾಗ ಹೊಲಿಗೆಯಮ್ಮ ಸೆರಗಿನಲ್ಲಿ ಮೂಗು ಮುಚ್ಚದೆ, ಹುಟ್ಟಿದ ಮೇಲೆ ಮೊದಲ ಸಲ, ಬಾನೆಟ್ಟಿನೊಳಗೆ ಬಗ್ಗಿದಳು. ಎಲ್ಲೂ ಒದ್ದೆ ಕಾಣಲಿಲ್ಲ. ನಾತ ಮಾತ್ರ ನೆತ್ತಿಗೆ ಹೊಡೆಯಿತು. ಸೋರುತ್ತಿದೆ, ಆರಿಸಿ ಎಂದಳು. ನಿನಗೆ ದೇವರ ಮನೆಯಲ್ಲೂ ಪೆಟ್ರೋಲೇ ನಾರುತ್ತದೆ ಎಂದು ಆತ ನಕ್ಕ.

"ಮೊನ್ನೆ ಆ ಬಟ್ಟೆಯಲ್ಲಿದ್ದದ್ದು ಫಿನಾಯಿಲು ಕಣ್ರೀ."

ಆತ ಕೈ ಚಾಚಿ ಇಂಜಿನ್ನು ಆರಿಸಿದ. ಸ್ಪ್ಯಾನರನ್ನು ಒರೆಸುತ್ತ, ಕಳೆದ ಸಲದ ಜ್ವರದಲ್ಲಿ ವಾಸನೆ ಗೊತ್ತಾಗುವುದೇ ಹೋಯಿತು, ಬರುತ್ತದೆ ಬರುತ್ತದೆ ಎಂದು ಕಾದೆ ಎಂದ. ಆಮೇಲೆ ನೆಲ ನೋಡುತ್ತ, "ಯಾರ ಹತ್ರ ಹೇಳ್ಲಿ? ನನ್ನ ಹತ್ರ ಇದ್ದದ್ದೇ ಅದೊಂದು," ಎಂದ.

ಅವಳಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಬಿಚ್ಚಿ ಅದನ್ನ ಎಂದಳು. ಕಾರ್ಬೊರೇಟರಿನ ಬಟ್ಟಲಿಗೂ ಮುಚ್ಚಳಕ್ಕೂ ನಡುವೆ ಸೋರದಂತೆ ಕೂರುವ ಪ್ಯಾಕಿಂಗ್ ಉಬ್ಬಿ ಸೊಟ್ಟಗಾಗಿತ್ತು. ಆತ ಪ್ಯಾಕಿಂಗಿನ ದಪ್ಪ ಕಾಗದ ಹುಡುಕಿ ತಂದು, ಮೊಂಡು ಚಾಕುವಿನಿಂದ ಹೊಸದೊಂದನ್ನು ಕೊರೆದು ಹಾಕಿದ. ಅವಳು ಮತ್ತೆ ಮೂಸಿದಳು. ಮತ್ತೆ ನಾತ. ತೆಗೆದು ನೋಡಿದರೆ ಅಂಚೆಲ್ಲ ಇಲಿ ಕಡಿದ ಹಾಗೆ.

ಇದನ್ನು ಕತ್ತರಿಸುವುದು ಅಂತಾರೇನ್ರಿ ಎಂದು ಗೊಣಗುತ್ತ ಒಳಗೆ ಹೋದಳು. ಬರುವಾಗ ಕೈಯಲ್ಲಿ ಬಟ್ಟೆ ಕತ್ತರಿಯಿತ್ತು. ಗಂಡ ಬೇಡ ಕಣೇ ಅನ್ನುವುದರೊಳಗೆ ಹಳೇ ಪ್ಯಾಕಿಂಗನ್ನು ಅಳತೆಗಿಟ್ಟು ಗೆರೆ ಎಳೆದು, ಕರಕರ ಸದ್ದಿಗೆ ಹಲ್ಲು ಕಚ್ಚಿಕೊಂಡು, ಕಾಗದವನ್ನು ಒಂದೇ ಸುತ್ತಿನಲ್ಲಿ ಕತ್ತರಿಸಿಕೊಟ್ಟಳು.

ಭಾನುವಾರ ಮೊಮ್ಮಗಳು ಜೀಪಿನಲ್ಲಿ ಕೂತಾಗಿತ್ತು. ಅಕ್ಕಪಕ್ಕದವರೂ ಗೇಟಿನ ಹತ್ತಿರ ಸೇರಿದ್ದರು. ಇಂಜಿನ್ನು ಹದವಾಗಿ ಓಡುತ್ತಿತ್ತು. ಮಗಳು ಸ್ಟೀರಿಂಗ್ ಹಿಡಿದು, ಅಪ್ಪಾ, ಒಂದು ಸಲ ಮೂಸಿ ಹೇಳಿ, ಹೊರಡ್ಲಾ ಎಂದು ಕೇಳಿದಳು.

ಆತ ರೂಢಿಯಂತೆ ಬಗ್ಗಿದ. ಅರ್ಧ ಬಗ್ಗಿದವನು ನೆಟ್ಟಗಾಗಿ ಎಲ್ಲರೆದುರು ಪಕ್ಕಕ್ಕೆ ಸರಿದ.

"ನನ್ನ ಮೂಗು ಹೋಗಿದೆ ಮಗಳೇ. ನಿಮ್ಮಮ್ಮನ್ನ ಕೇಳು."

ಗೇಟಿನ ಹತ್ತಿರ ಯಾರೋ ನಕ್ಕರು, ನಗು ಅಲ್ಲೇ ನಿಂತಿತು. ಹೊಲಿಗೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ಟಿನೊಳಗೆ ಬಗ್ಗಿದಳು, ಹಿಂದೆ ಹೋಗಿ ಹೊಗೆಯ ಮುಂದೆ ಕೂತಳು. ಕಣ್ಣಲ್ಲಿ ನೀರು ಬಂತು. ಅಸಹ್ಯಕ್ಕೇ ಬಂತು ಎಂದು ಅವಳು ಇವತ್ತಿಗೂ ಹೇಳುತ್ತಾಳೆ.

"ಥೂ, ದರಿದ್ರ ಹೊಗೆ," ಎಂದು ಎದ್ದಳು. "ಪೆಟ್ರೋಲು ಸೋರ್ತಿಲ್ಲ. ಹೊರಡು."