ಹಾಸಿನ ದಿನ ತುಂಬಿದ ಫಾರಂ

ಸೇಲಂ ಅಮ್ಮಾಪೇಟೆಯ ನಂಜಯ್ಯನವರ ಮನೆಯಲ್ಲಿ ಕೈಮಗ್ಗ ಎಂಟು, ನಾಮಫಲಕ ಮೂರು. ಮೂರರಲ್ಲೂ 'ಎಕ್ಸ್‌ಪೋರ್ಟರ್' ಎಂಬ ಪದ ಅವರ ಹೆಸರಿಗಿಂತ ದಪ್ಪ. ಹರೆಯದಲ್ಲಿ ಮೇಚೇರಿ ಸಂತೆಗೆ ಟವೆಲು ಹೊತ್ತು ಮಾರಿದವರು ಈಗ ಡೆನ್ಮಾರ್ಕಿನ ಅಂಗಡಿಯೊಂದಕ್ಕೆ ವರ್ಷಕ್ಕೆರಡು ಸಲ ಮೇಜುಬಟ್ಟೆ ಕಳಿಸುತ್ತಾರೆ. ಅವರು ಬೀದಿಯಲ್ಲಿ ನಡೆಯುವ ಗತ್ತು ನೋಡಿದರೆ, ಆ ದೇಶದವರು ಊಟಕ್ಕೆ ಕೂರುವುದೇ ಇವರ ಅಪ್ಪಣೆ ಪಡೆದು ಅನ್ನಿಸಬೇಕು.

ಹೊರದೇಶದ ಗಿರಾಕಿ ಕೈಕೊಟ್ಟರೆ ನಷ್ಟದ ಬಹುಪಾಲು ತುಂಬಿಕೊಡಲು ಸರ್ಕಾರದ್ದೇ ಒಂದು ವಿಮಾ ಕಂಪನಿ ಇದೆ. ಅದರ ಪಾಲಿಸಿ ನಂಬಿಯೇ ಬ್ಯಾಂಕು ನಂಜಯ್ಯನವರಿಗೆ ಕಡಿಮೆ ಬಡ್ಡಿಗೆ ನೂಲಿನ ಸಾಲ ಕೊಡುವುದು. ಕಟ್ಟುನಿಟ್ಟು ಒಂದೇ: ಗಡುವು ಮೀರಿ ತಿಂಗಳಾದರೂ ದುಡ್ಡು ಬಾರದಿದ್ದರೆ ಮರುತಿಂಗಳ ಹದಿನೈದರೊಳಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ವಿಮೆ ರದ್ದು. ಡೆನ್ಮಾರ್ಕಿನ ದುಡ್ಡು ಬಂದಿರಲಿಲ್ಲ. ಅಂದು ಹದಿನೈದನೇ ತಾರೀಕು.

ಅಂದೇ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆ, ಸಿದ್ಧಮಾಡುವ ದಿನವೂ ಹೌದು. ನಸುಕಿಗೇ ಬೀದಿಯುದ್ದ ನೂಲೆಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ನಂಜಯ್ಯನವರ ಮನೆತನದ ಕಟ್ಟಳೆ ಪ್ರಕಾರ ಹಾಸು ಬೀದಿಯಲ್ಲಿರುವಷ್ಟು ಹೊತ್ತು 'ಇಲ್ಲ' ಅನ್ನಬಾರದು, ಎಳೆ ಹರಿಯುತ್ತದೆ. ಸಕ್ಕರೆ ಮುಗಿದಿದ್ದರೂ 'ತುಂಬೈತೆ' ಅನ್ನಬೇಕು. ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಕಂಪ್ಯೂಟರಿನಲ್ಲಿ ತುಂಬಿದ ವಿಮೆಯ ಫಾರಂನಲ್ಲಿ 'ದುಡ್ಡು ಬಂದಿದೆಯೇ?' ಎಂಬ ಸಾಲು ಎದುರಾದಾಗ ನಂಜಯ್ಯನವರು ಸಂಪ್ರದಾಯಸ್ಥರಾಗಿ 'ಬಂದಿದೆ' ಎಂದು ಒತ್ತಿದ್ದರು. ಕಂಪ್ಯೂಟರು ಅರ್ಥ ಮಾಡಿಕೊಳ್ಳಲಿಲ್ಲ.

ಆ ಫಾರಂನ ನಕಲು ನೋಡಿ ಬ್ಯಾಂಕಿನ ಪಳನಿಯಪ್ಪನ್ ಫೋನ್ ಮಾಡಿದರು. ಕೊಳ್ಳೇಗಾಲದ ಶಾಖೆಯಲ್ಲಿ ಕನ್ನಡ ಕಲಿತವರು.

"ಡೆನ್ಮಾರ್ಕ್ ಪಣಂ ಬಂತಾ ಸಾರ್?"

"ಬಂತು ಸಾರ್, ಭೇಷಾಗಿ ಬಂತು!"

"ಎಲ್ಲಿಗೆ ಬಂತು? ನಮ್ಮ ಅಕೌಂಟಲ್ಲಿ ಕಾಣ್ತಿಲ್ಲ. ಸುಳ್ಳು ಬರೆದ್ರೆ ವಿಮೆ ಹೋಯ್ತು, ಹಾಲೆಂಡ್ ಆರ್ಡರಿಗೆ ನೂಲಿನ ಸಾಲಾನೂ ಕೊಡಕ್ಕಾಗಲ್ಲ. ಬಂದಿಲ್ಲ ಅಂತ ನೀವೇ ಹೇಳಿ ಸಾರ್, ಸಾಯಂಕಾಲದೊಳಗೆ ತಿದ್ದೋಣ."

ನಂಜಯ್ಯನವರು ಹಾಸಿನ ಕಡೆ ನೋಡಿದರು. "ಎಲ್ಲಾ ತುಂಬೈತೆ ಸಾರ್."

ಗಂಜಿ ಹಚ್ಚುತ್ತಿದ್ದ ಹೆಂಡತಿ ಗುಂಡಮ್ಮ ತಲೆಯೆತ್ತಿದರು. "ಏನಂತ್ರೀ?"

"ಬಂದೈತೆ ಅನ್ಬಾರ್ದಂತೆ ಕಣೆ."

ಗುಂಡಮ್ಮನಿಗೆ ಅಷ್ಟು ಸಾಕಾಯಿತು. "ಸಾಲ ನಿಂತು ನೂಲೇ ಬಾರ್ದಿದ್ರೆ ಎಂಟು ಮಗ್ಗದಲ್ಲಿ ಏನ್ ನೇಯ್ತೀರಿ, ನಿಮ್ಮ ಜಂಬಾನ? ಹಾಸಿನ ಕಿವಿಗೆ ಬೀಳ್ದಂಗೆ ದೂರ ಓಗಿ ಹೇಳ್ಬನ್ನಿ."

"ಒಬ್ಬ ಎಕ್ಸ್‌ಪೋರ್ಟರು ಬೀದೀಲಿ ನಿಂತು..."

"ಓಗ್ರೀ ಅಂದ್ರೆ!"

ನಂಜಯ್ಯನವರು ಫೋನು ಕಿವಿಗೊತ್ತಿಕೊಂಡೇ ಹೊರಟರು. ಪಕ್ಕದ ಬೀದಿಯಲ್ಲೂ ಯಾರದೋ ಹಾಸು. ಅದರಾಚೆಯ ಬೀದಿಯಲ್ಲೂ ಹಾಸು. ಪಂಚಾಂಗದಲ್ಲಿ ಒಳ್ಳೆಯ ದಿನ, ಯಾರು ಬಿಟ್ಟಾರು! ಕೊನೆಗೆ ದೊಡ್ಡ ರಸ್ತೆ ತಲುಪಿ, ಟೀ ಅಂಗಡಿಯ ಮುಂದೆ ನಿಂತರು. ಶಂಕಗಿರಿಯ ಲಾರಿಗಳ ಸದ್ದಿಗೆ ಪಿಸುಮಾತು ನಡೆಯುವಂತಿರಲಿಲ್ಲ.

"ಬಂದಿಲ್ಲಾ ಸಾರ್! ಡೆನ್ಮಾರ್ಕಿಂದ ಒಂದು ಪೈಸಾನೂ ಬಂದಿಲ್ಲಾ!"

ಅಷ್ಟು ಹೊತ್ತಿಗೆ ಲಾರಿ ಹಾದುಹೋಗಿತ್ತು. ಟೀ ಅಂಗಡಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಡೆನ್ಮಾರ್ಕಿನವರು ಕೇಳುವ ಮೊದಲೇ ದುಡ್ಡು ಕೊಡುತ್ತಾರೆಂದು ಹೋದ ವಾರ ನಂಜಯ್ಯನವರೇ ಇಲ್ಲಿನ ಬೆಂಚಿನ ಮೇಲೆ ಕೂತು ಹೇಳಿದ್ದರು. ಟವೆಲು ರಫ್ತು ಮಾಡುವ ಶಕ್ತಿವೇಲ್ ಲೋಟ ಹಿಡಿದು ಹತ್ತಿರ ಬಂದ. ನಂಜಯ್ಯನವರು ಅವನ ಗೇಲಿ ಕೇಳಲು ಸಿದ್ಧರಾದರು.

"ಅಣ್ಣಾ, ನಿಮ್ಗೂವಾ? ನಂಗೆ ಮಲೇಷ್ಯಾದ್ದು ಎರಡು ತಿಂಗ್ಳಾತು, ಯಾರ್ಗೂ ಏಳಿಲ್ಲ. ನಂದೂ ಪಾಲಿಸಿ ಐತೆ. ಏನ್ ಬರೀಬೇಕಣ್ಣಾ?"

ನಂಜಯ್ಯನವರ ಎದೆ ಹಳೆಯ ಅಳತೆಗೆ ಮರಳಿತು. "ಬಾ ನನ್ಜೊತೆ."

ನಾಲ್ಕು ಗಂಟೆಗೆ ಬ್ಯಾಂಕಿನಿಂದಲೇ ತಿದ್ದಿದ ಫಾರಂ ಹೋಯಿತು, ಸ್ವೀಕೃತಿ ಸಂಖ್ಯೆಯೂ ಬಂತು. ದುಡ್ಡು ಬರುವ ತನಕ ಡೆನ್ಮಾರ್ಕಿಗೆ ಒಂದು ಕರವಸ್ತ್ರವನ್ನೂ ಕಳಿಸಕೂಡದು ಎಂದು ತಾಕೀತು ಮಾಡಿ, ಪಳನಿಯಪ್ಪನ್ ಹಾಲೆಂಡಿನ ಆರ್ಡರಿಗೆ ನೂಲಿನ ಸಾಲದ ಕಾಗದಕ್ಕೆ ರುಜು ಹಾಕಿದರು. ಪಕ್ಕದ ಬೆಂಚಿನಲ್ಲಿ ನಂಜಯ್ಯನವರು ಶಕ್ತಿವೇಲನಿಗೆ ರಫ್ತು ವಿಮೆಯ ಕಾನೂನನ್ನು ಮೊದಲಿಂದ ವಿವರಿಸುತ್ತಿದ್ದರು. ಪಳನಿಯಪ್ಪನ್ ಎರಡು ಕಡೆ ತಿದ್ದಲು ಬಾಯಿ ತೆರೆದರು. ನಂಜಯ್ಯನವರು ಅವಕಾಶ ಕೊಡಲಿಲ್ಲ.