ತಿಪ್ಪವ್ವ ಸುನೀತಾ ಆದದ್ದು

ತಿಪ್ಪವ್ವನ ಊರಲ್ಲಿ ಆ ಹೆಸರಿನವರು ಓಣಿಗೊಬ್ಬರು. ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸತ್ತರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸುವುದು, ನೆರೆಯವಳು ಮೊರದಲ್ಲಿ ಎತ್ತಿಕೊಳ್ಳುವುದು, ತಾಯಿ ಹಿಡಿ ತೌಡು ಕೊಟ್ಟು ಅದನ್ನು ಕೊಂಡುಕೊಳ್ಳುವುದು. ಕಸವೆಂದು ಸಾವು ಮೂಸಿಯೂ ನೋಡದಿರಲಿ ಅಂತ ಹೆಸರೂ ತಿಪ್ಪವ್ವ. ಅವಳ ಅವ್ವ ಸಾಬವ್ವ ಮೂರು ಮಕ್ಕಳನ್ನು ಮಣ್ಣು ಮಾಡಿ, ಇವಳನ್ನು ಹೀಗೇ ಉಳಿಸಿಕೊಂಡಿದ್ದಳು.

ಪುಣೆಗೆ ಬಂದ ಮೇಲೆ ಆ ಹೆಸರೇ ಮುಳುವಾಯಿತು. ಕಟ್ಟಡದ ಕೆಲಸದಲ್ಲಿ ಯಾರೋ ಅದರ ಅರ್ಥವನ್ನು ಮರಾಠಿಯಲ್ಲಿ ಹೇಳಿದ್ದೇ ತಡ, ಎಲ್ಲರೂ ‘ಉಕಿರಡಾ, ಉಕಿರಡಾ’ ಎಂದು ಕೂಗಿ ನಕ್ಕರು. ಯೆರವಡಾಕ್ಕೆ ಮನೆ ಬದಲಿಸಿದಾಗ ಹೆಸರನ್ನೂ ಬದಲಿಸಿ ಅವಳು ಸುನೀತಾ ಆದಳು. 1978ರ ಹೊತ್ತಿಗೆ ಅಲ್ಲಿನ ನಳದ ಮುಂದೆ ‘ಸುನೀತಾ’ ಎಂದರೆ ನಾಲ್ವರು ತಿರುಗಿ ನೋಡುತ್ತಿದ್ದರು. ಆ ನಾಲ್ವರಲ್ಲಿ ಒಬ್ಬಳಾಗಿರುವುದೇ ಅವಳಿಗೆ ದೊಡ್ಡ ಸುಖ.

ಒಂದು ಬೆಳಿಗ್ಗೆ ಅದೇ ನಳದ ಬಳಿ, ಹೇಳದೆ ಕೇಳದೆ, ಗಂಟು ಹೊತ್ತು ಸಾಬವ್ವ ಬಂದು ನಿಂತಳು.

“ತಿಪ್ಪವ್ವಾ! ಭಾಳ ಸೊರಗೀದಿ ನನ್ನವ್ವಾ!”

“ಯಾರೇ ಇವಳು?” ಎಂದು ನೆರೆಮನೆಯ ಭಾಮಾ ಮರಾಠಿಯಲ್ಲಿ ಕೇಳಿದಳು.

ತಿಪ್ಪವ್ವ ತಟ್ಟನೆ ಭಾಮಾಳತ್ತ ತಿರುಗಿದಳು. “ನಮ್ಮ ಊರಿನವಳು. ತಲೆ ಸರಿಯಿಲ್ಲ, ಸಿಕ್ಕವರಿಗೆಲ್ಲ ಏನೇನೋ ಹೆಸರಿಟ್ಟು ಕರೀತಾಳೆ,” ಎಂದು ಮರಾಠಿಯಲ್ಲೇ ಹೇಳಿಬಿಟ್ಟಳು. ಅವ್ವನಿಗೆ ಎಲ್ಲಿ ತಿಳಿಯಬೇಕು ಎಂಬ ಧೈರ್ಯ. ಮೈಯಲ್ಲಿ ಕಸುವಿದ್ದಾಗ ಅವ್ವ ಮರಾಠಿ ಮಾತಾಡುವ ಸೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದುದು ಆ ಗಳಿಗೆಯಲ್ಲಿ ನೆನಪಾಗಲೇ ಇಲ್ಲ.

ಮನೆಯೊಳಗೆ ಅವ್ವ ಆ ಮಾತೇ ಎತ್ತಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಟ್ಟು, “ಉಣ್ಣು, ಹಸದಿರ್ತಿ,” ಎಂದಳು. ಹೆಸರು ಹಿಡಿದು ಮಾತ್ರ ಕರೆಯಲಿಲ್ಲ. ನಳದ ಬಳಿ ಆಡಿದ ಮಾತು ಅವ್ವನಿಗೆ ತಿಳಿದಿದೆ ಎಂದು ತಿಪ್ಪವ್ವನಿಗೆ ಗೊತ್ತಾಗಿಹೋಯಿತು. ತಪ್ಪಾಯಿತು ಎಂಬ ಮಾತು ಬಾಯಿವರೆಗೂ ಬಂತು, ನಾಚಿಕೆ ಬಿಡಲಿಲ್ಲ. ಆ ಹಾಳು ನಾಚಿಕೆ ನಳದ ಹತ್ತಿರ ಎಲ್ಲಿ ಹೋಗಿತ್ತೋ!

ಮರುದಿನವೇ ಅವ್ವ ಹೊರಟಳು. ಆ ಕಡೆಗೇ ಕೆಲಸವಿದ್ದ ಭಾಮಾ ಸ್ವಾರಗೇಟಿನ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು. ಇವಳ ಮುಂದೆಯೇ ಹೇಳಿಬಿಡಬೇಕು, ಈಕೆ ನನ್ನ ಹಡೆದವ್ವ ಅಂತ, ಎಂದು ತಿಪ್ಪವ್ವ ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದಳು. ಬಸ್ಸು ಬಂತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವ್ವ ಭಾಮಾಳ ಕಡೆ ಒಮ್ಮೆ ನೋಡಿ, ಮಗಳಿಗೆ ಕೈ ಮುಗಿದಳು.

“ಬರ್ತೀನ್ರೀ ಬಾಯಾರ. ಗುರುತಿನಾಕಿ ಅಂತ ಜಾಗಾ ಕೊಟ್ರಿ, ಭಾಳ ಉಪಕಾರ ಆತ್ರಿ,” ಎಂದಳು, ಭಾಮಾಳಿಗೂ ತಿಳಿಯುವ ಹಾಗೆ, ಮರಾಠಿಯಲ್ಲಿ.

ಬಸ್ಸು ಹೋಯಿತು. “ತಲೆ ಸರಿಯಿಲ್ಲ ಅಂದಿದ್ದೆ, ಎಷ್ಟು ಮರ್ಯಾದೆ ಬಲ್ಲವಳು ನೋಡು!” ಎಂದಳು ಭಾಮಾ.

ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ಆದರೂ ತಿಪ್ಪವ್ವ ಹೌದೆಂದು ತಲೆಯಾಡಿಸಿದಳು.