ಅಧ್ಯಕ್ಷರ ಕಾಲ್ಗುಣ

ಜೆಪ್ಪುವಿನ ಸೀತಾರಾಮ ಶೆಟ್ಟರ ಹೋಟೆಲಿಗೆ ಬೆಳಗಿನ ಮೊದಲ ಗಿರಾಕಿಯಾಗಿ ಪ್ರವೇಶಿಸುವ ಹಕ್ಕು ನನಗಿಲ್ಲ. ಲಿಖಿತ ನಿಷೇಧವೇನೂ ಇಲ್ಲ. ಆದರೆ ಒಂದು ಮುಂಜಾನೆ ನಾನು ಬೋಣಿ ಮಾಡಿ, ಚಹಾದ ಲೋಟವನ್ನು ತುಟಿಗೆ ತಾಗಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಗ್ಯಾಸ್ ಮುಗಿದು, ಬನ್ಸ್ ಕರಿಯುವ ಬಾಣಲೆ ತಣ್ಣಗಾಗಿ, ಬಂದ ಗಿರಾಕಿಗಳೆಲ್ಲ ಎದುರಿನ ಹೋಟೆಲಿಗೆ ನಡೆದರು. ಅಂದಿನಿಂದ ಶೆಟ್ಟರು ನನ್ನನ್ನು ಕಂಡೊಡನೆ, "ಪೊರ್ಬುಗಳೇ, ಒಂದು ನಿಮಿಷ ಹೊರಗೆ ಪೇಪರ್ ಓದ್ತಾ ಇರಿ," ಎನ್ನುತ್ತಾರೆ. ನಮ್ಮಂಥ ಕ್ರೈಸ್ತ ಗಂಡಸರನ್ನು ಇಲ್ಲಿನ ತುಳುವರು ಗೌರವದಿಂದ ಕರೆಯುವುದೇ ಹಾಗೆ. ಬೇರೊಬ್ಬರು ಒಳಹೊಕ್ಕ ಮೇಲೆ ನನ್ನ ಸರದಿ. ಜೀವಮಾನವಿಡೀ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿ, ಕಾರಣದಿಂದ ಕಾರ್ಯಕ್ಕೆ ಕರಿಹಲಗೆಯ ಮೇಲೆ ಬಾಣ ಎಳೆದು ತೋರಿಸಿದ ನಾನು, ನನ್ನ ಪಾದದಿಂದ ಅವರ ಸಿಲಿಂಡರಿಗೆ ಎಳೆದ ಆ ಒಂದು ಬಾಣವನ್ನು ಅಳಿಸಲಾರದೆ ವಿಧೇಯನಾಗಿ ಬಾಗಿಲಲ್ಲಿ ನಿಂತು ಪೇಪರ್ ಓದುತ್ತೇನೆ.

ಪೇಪರಿನಲ್ಲೂ ಅದೇ ಬಾಣಗಳು. ಯಾವುದೋ ದೇಶದ ಅಧ್ಯಕ್ಷರು ತಮ್ಮ ಕಾಲದಲ್ಲಿ ಉದ್ಯೋಗ ಉಕ್ಕಿ ಹರಿಯಿತೆಂದು ಎದೆ ತಟ್ಟಿಕೊಂಡಿರುತ್ತಾರೆ, ಪ್ರತಿಪಕ್ಷದವರು ಜನರ ಅನ್ನ ಹೋಯಿತೆಂದು ಎದೆ ಬಡಿದುಕೊಂಡಿರುತ್ತಾರೆ. ಇದರಲ್ಲಿ ಅಧ್ಯಕ್ಷರ ಪಾಲೆಷ್ಟು ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು "ಸ್ವಲ್ಪ ಹೌದು, ಬಹಳಷ್ಟು ಅಲ್ಲ" ಎಂಬ, ಪರೀಕ್ಷೆಯಲ್ಲಿ ಬರೆದರೆ ಪಾಸಾಗುವಷ್ಟೇ ಅಂಕ ಸಿಗುವ ಉತ್ತರ ಕೊಟ್ಟು ಪಾರಾಗುತ್ತಿದ್ದೆ. ಸುಂಕ ಏರಿಸುವುದು, ಹೊರಗಿನವರಿಗೆ ಬಾಗಿಲು ಮುಚ್ಚುವುದು ಅವರ ಕೈಯಲ್ಲಿದೆ. ಎಣ್ಣೆಯ ಬೆಲೆ, ಹಿಂದಿನವರು ಮಾಡಿಟ್ಟು ಹೋದದ್ದು, ಜನರ ಭಯ ಮತ್ತು ಉತ್ಸಾಹ, ಇವೆಲ್ಲ ಯಾರ ಕೈಯಲ್ಲೂ ಇಲ್ಲ. ಈ ಉತ್ತರದಿಂದ ಯಾರಿಗಾದರೂ ಅಪಾಯವಾದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆದದ್ದು ಶೆಟ್ಟರ ಮನೆಯಲ್ಲಿಯೇ. ನಿರುದ್ಯೋಗವೂ ಕಾರ್ಮಿಕರ ಅಭಾವವೂ ಒಂದೇ ಸೂರಿನಡಿ ಸಂಸಾರ ಹೂಡಿದ್ದನ್ನು ನಾನು ಪಠ್ಯಪುಸ್ತಕದಲ್ಲಿ ಕಂಡವನಲ್ಲ, ಅಲ್ಲಿ ಕಂಡೆ. ದೂರದ ರಾಜ್ಯದಿಂದ ಬಂದಿದ್ದ ಹೋಟೆಲಿನ ಸಪ್ಲಾಯರ್‌ಗಳು ಚುನಾವಣೆಯಲ್ಲಿ ಓಟು ಹಾಕಲೆಂದು ಊರಿಗೆ ಹೋದವರು ಮರಳಲಿಲ್ಲ. ಕೆಲವು ತಿಂಗಳ ಬಳಿಕ ಶೆಟ್ಟರ ಮಗ ಪ್ರಶಾಂತನ ಮದುವೆಯಾಯಿತು. ಮದುವೆಯ ಊಟದ ಎಲೆ ಒಣಗುವ ಮೊದಲೇ ಎಂಬಂತೆ ದುಬೈಯಲ್ಲಿ ಅವನಿದ್ದ ಕಂಪೆನಿ ಬಾಗಿಲು ಹಾಕಿತು. ಗಂಡನೊಡನೆ ಹೊರಡಲೆಂದು ಲ್ಯಾಬಿನ ಕೆಲಸ ಬಿಟ್ಟು ಬಂದಿದ್ದ ಮೂಡಬಿದ್ರೆಯ ಹುಡುಗಿ ಅಶ್ವಿತಾಳ ವೀಸಾ ಅಲ್ಲಿಗೇ ನಿಂತಿತು. ಮಗನಿಗೆ ಕೆಲಸವಿಲ್ಲ, ಅಪ್ಪನ ಕೆಲಸಕ್ಕೆ ಜನವಿಲ್ಲ. ಇವನನ್ನು ಅಲ್ಲಿಗೆ ಹಾಕಿದರೆ ಲೆಕ್ಕ ಸರಿಹೋಯಿತಲ್ಲ ಎಂದು ನಿಮಗೂ ಅನ್ನಿಸಿರಬಹುದು. ನಾನೊಮ್ಮೆ ಹಾಗೆ ಬಾಯಿ ಜಾರಿದಾಗ ಶೆಟ್ಟರ ಹೆಂಡತಿ ವಾರಿಜಕ್ಕ, "ದುಬೈಯಲ್ಲಿ ಎಸಿ ರೂಮಿನಲ್ಲಿ ಕೂತವ ಇಲ್ಲಿ ಟೇಬಲ್ ಒರೆಸುವುದಾ ಸರ್?" ಎಂದು ಕೇಳಿದ ಧಾಟಿಗೆ ನಾನು ಕೈಯಲ್ಲಿದ್ದ ಗೋಳಿಬಜೆಯನ್ನೂ ಕೆಳಗಿಟ್ಟಿದ್ದೆ.

ಸಪ್ಲಾಯರ್‌ಗಳು ಹೋದದ್ದಕ್ಕೆ ಶೆಟ್ಟರು ದೆಹಲಿಯಲ್ಲಿ ಕೂತವರನ್ನು ಬೈಯುತ್ತಿದ್ದರು. ತನ್ನ ಕೆಲಸ ಹೋದದ್ದಕ್ಕೆ ಪ್ರಶಾಂತ ಅಮೆರಿಕದ ಅಧ್ಯಕ್ಷರನ್ನು ಬೈಯುತ್ತಿದ್ದ. ಹೋಟೆಲು ತುಂಬಿ ತುಳುಕುತ್ತಿದ್ದಾಗ ಶೆಟ್ಟರು ಅದನ್ನು ಸ್ವಂತ ದುಡಿಮೆ ಎಂದಿದ್ದರು, ದುಬೈಯ ಕೆಲಸ ಸಿಕ್ಕಾಗ ಪ್ರಶಾಂತ ಸ್ವಂತ ಪ್ರತಿಭೆ ಎಂದಿದ್ದ. ಆಗ ಯಾವ ಅಧ್ಯಕ್ಷರ ನೆನಪೂ ಯಾರಿಗೂ ಆಗಿರಲಿಲ್ಲ. ವಾರಿಜಕ್ಕ ಮಾತ್ರ ಅಷ್ಟು ದೂರ ಹೋಗಲಿಲ್ಲ. ಅವರಿಗೆ ಮನೆಯೊಳಗೇ ಒಬ್ಬಳು ಸಿಕ್ಕಿದ್ದಳು. "ಹುಡುಗಿಯ ಕಾಲ್ಗುಣ," ಎಂದರು ಒಂದು ದಿನ ಮೆಲ್ಲಗೆ. ಮರುವಾರ ಅಷ್ಟು ಮೆಲ್ಲಗೆ ಹೇಳಲಿಲ್ಲ. ಕೊನೆಗೆ ಬುಧವಾರ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡುವುದೆಂದು ನಿಶ್ಚಯವಾಯಿತು. ಮನೆಯವರೆಲ್ಲ ಎದುರು ಕೂತಿರಬೇಕು, ಅವರು ಕವಡೆ ಹರಡಿ ದೋಷ ಯಾರದೆಂದು ಹೇಳುತ್ತಾರೆ. ದೋಷ ಸೊಸೆಯದೆಂದು ಬಂದರೆ ಅವಳು 'ಸ್ವಲ್ಪ ಕಾಲ' ತಾಯಿಮನೆಯಲ್ಲಿರಬೇಕು. ಆ ಸ್ವಲ್ಪ ಕಾಲ ಎಷ್ಟು ಉದ್ದ ಬೆಳೆಯಬಹುದೆಂದು ಅಶ್ವಿತಾಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಶೆಟ್ಟರು ನನ್ನನ್ನು ಮನೆಗೆ ಕರೆಸಿದರು. "ನಾನು ಹೇಳಿದರೆ ಇವಳು ಕೇಳುವುದಿಲ್ಲ. ನೀವು ಕಲಿತವರು, ಎರಡು ಮಾತು ಹೇಳಿ," ಎಂದರು. ನಿವೃತ್ತ ಅಧ್ಯಾಪಕನಿಗೆ ಯಾರಾದರೂ ಮಾತಾಡಿ ಎಂದರೆ ಏನಾಗುತ್ತದೆಂದು ನೀವು ಊಹಿಸಬಲ್ಲಿರಿ. ಅಶ್ವಿತಾ ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಅಧ್ಯಕ್ಷರಿಂದಲೇ ಆರಂಭಿಸಿದೆ: ಇಂದು ಕಾಣುವ ನಿರುದ್ಯೋಗಕ್ಕೆ ಇಂದು ಕುರ್ಚಿಯಲ್ಲಿ ಕೂತವರು ಕಾರಣರಲ್ಲ, ಬೀಜ ಎಂದೋ ಬಿದ್ದಿರುತ್ತದೆ, ಫಲ ತಡವಾಗಿ ಕಾಣುತ್ತದೆ, ಅಧ್ಯಕ್ಷರಿಗೇ ಹೀಗಾದರೆ ಮನೆಗೆ ಕಾಲಿಟ್ಟ ಹೆಣ್ಣುಮಗಳನ್ನು ದೂರುವುದು ಯಾವ ನ್ಯಾಯ? ನನ್ನ ಯಾವ ವಿದ್ಯಾರ್ಥಿಯೂ ತೋರಿಸದ ಏಕಾಗ್ರತೆಯಿಂದ ವಾರಿಜಕ್ಕ ಕೇಳಿದರು.

"ಅಂದರೆ ಸರ್, ತೊಂದರೆ ಕಾಣುವುದು ಆಮೇಲೆ. ಕಾರಣ ಮೊದಲೇ ಆಗಿರ್ತದೆ. ಹೌದಲ್ಲ?"

"ಖಂಡಿತ," ಎಂದೆ ನಾನು, ಪಾಠ ತಲುಪಿದ ಸಂತೋಷದಲ್ಲಿ.

"ನಾನೂ ಅದನ್ನೇ ಹೇಳುವುದು. ಸಪ್ಲಾಯರ್‌ಗಳು ಹೋದದ್ದು ಮದುವೆಗಿಂತ ಮೊದಲು, ಅದಕ್ಕೆ ಇವಳೆಂತ ಮಾಡಿದ್ದು ಅಂತ ಇವರು ಕೇಳ್ತಾರೆ. ನಿಶ್ಚಿತಾರ್ಥ ಅದಕ್ಕೂ ಮೊದಲು ಆಗಿತ್ತಲ್ಲ ಸರ್!"

ಆ ಹುಡುಗಿಯ ಪರವಾಗಿ ಆ ಮನೆಯಲ್ಲಿದ್ದ ಏಕೈಕ ವಾದವನ್ನು ನಾನು ನನ್ನ ಶಾಸ್ತ್ರದ ಬಲದಿಂದಲೇ ಕೆಡವಿ ಹಾಕಿದ್ದೆ. ಅಶ್ವಿತಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನೀವು ಬುಧವಾರ ಹೋಗಿ ಅತ್ತೆ. ನಾನು ಅಲ್ಲಿ ಬಂದು ಕೂತುಕೊಳ್ಳುವುದಿಲ್ಲ. ಕೇಳಲೇಬೇಕು ಅಂತಾದರೆ ನಾನು ನಾಳೆಯೇ ಅಮ್ಮನ ಮನೆಗೆ ಹೋಗ್ತೇನೆ," ಎಂದು ಒಳಗೆ ನಡೆದಳು. ಸ್ವಲ್ಪ ಹೊತ್ತಿನಲ್ಲಿ ಬ್ಯಾಗಿನ ಜಿಪ್ ಎಳೆದ ಸದ್ದು ನಮಗೆಲ್ಲ ಕೇಳಿಸಿತು. ಪ್ರಶಾಂತ ಮೊಬೈಲಿನಿಂದ ತಲೆಯೆತ್ತಲಿಲ್ಲ. ನನಗೆ ಅವನ ಮೇಲೆ ಕೋಪ ಬಂತು. ನನ್ನ ಮೇಲೆಯೇ ಬಂದ ಕೋಪಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಲೀನಾ, "ಅಲ್ಲಿ ಪಾಠ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿ, ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದಬತ್ತಿಯ ಹರಕೆ ಹೇಳಿಕೊಂಡಳು. ಮೇಣದಬತ್ತಿಗೂ ಫಲಕ್ಕೂ ನಡುವಿನ ಬಾಣದ ಬಗ್ಗೆ ತಕರಾರು ಎತ್ತುವ ಯೋಗ್ಯತೆ ನನಗೆ ಆಗ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲಿನೆದುರು ನಿಂತೆ. ಪೇಪರ್ ಬಿಡಿಸಿದ್ದೆನೇ ಹೊರತು ಕಣ್ಣೆಲ್ಲ ಬಸ್‌ಸ್ಟಾಪಿನ ಮೇಲೆ. ಬಸ್ಸು ಬಂತು, ಹೋಯಿತು, ಹತ್ತಿದವರಲ್ಲಿ ಅವಳಿರಲಿಲ್ಲ. ಮೊದಲೇ ಹೋಗಿಬಿಟ್ಟಳೇನೋ ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಧ್ವನಿ ಕೇಳಿತು: "ಸರ್, ಒಳಗೆ ಬನ್ನಿ."

ಗಲ್ಲಾದ ಹಿಂದೆ ಅಶ್ವಿತಾ. ಕಾಲ ಬಳಿ ನಿನ್ನೆ ಜಿಪ್ ಎಳೆದ ಬ್ಯಾಗು.

"ಬೇಡಮ್ಮ, ಇನ್ನೂ ಬೋಣಿ ಆಗ್ಲಿಲ್ಲ."

"ಅದಕ್ಕೇ ಕರೆದದ್ದು."

ಬೆಂಗ್ರೆಯಲ್ಲಿ ಯಾರೋ ಕೆಲಸಕ್ಕೆ ಸಿಗುತ್ತಾರೆಂದು ಕೇಳಿ ಶೆಟ್ಟರು ಬೆಳ್ಳಂಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ಹೋಗಿದ್ದರಂತೆ. ಬ್ಯಾಗು ಹಿಡಿದು ಹೊರಟ ಹೆಂಡತಿಯ ಹಿಂದೆ ಪ್ರಶಾಂತನೂ ಬಸ್‌ಸ್ಟಾಪಿನವರೆಗೆ ಬಂದನಂತೆ. ಮುಚ್ಚಿದ ಹೋಟೆಲಿನ ಮುಂದೆ ಗಿರಾಕಿಗಳು ಬಂದು ಹಿಂದಿರುಗುವುದನ್ನು ನೋಡಿ ಅವಳೇ ಗಂಡನಲ್ಲಿ ಬೀಗದಕೈ ಕೇಳಿದಳಂತೆ. ಈಗ ಒಳಗೆ ಅವನು ಬನ್ಸ್ ಕರಿಯುತ್ತಿದ್ದ. ಅವು ಯಾವ ಆಕಾರದಲ್ಲಿದ್ದವೆಂದು ಹೇಳದಿರುವುದೇ ಸಭ್ಯತೆ.

"ಹೋಗುವುದೇ ಅಂತ ಹೊರಟದ್ದು ಸರ್," ಎಂದಳು ಚಹಾ ತಂದಿಡುತ್ತಾ. "ಮತ್ತೆ ಆಲೋಚನೆ ಬಂತು. ನಾನು ಹೋದ ಮೇಲೆ ಇವರಿಗೆ ಕೆಲಸ ಸಿಕ್ಕಿದರೆ, ನಾನು ಹೋದದ್ದಕ್ಕೇ ಸಿಕ್ಕಿತು ಅಂತಾರೆ. ಒಳ್ಳೆಯದಾಗುವಾಗ ನಾನು ಇಲ್ಲಿಯೇ ಇರಬೇಕು." ಅವಧಿಗೆ ಮುನ್ನ ಕುರ್ಚಿ ಬಿಡಲೊಪ್ಪದ ಅಧ್ಯಕ್ಷರೆಲ್ಲರ ಮನಸ್ಸು ನನಗೆ ಆ ಕ್ಷಣದಲ್ಲಿ ಅರ್ಥವಾಯಿತು. ಆದರೆ ಅವರಿಗೆ ಹೊಗಳುವವರ ದಂಡೇ ಇರುತ್ತದೆ, ಮಾಡದ ತಪ್ಪನ್ನು ಅಲ್ಲವೆನ್ನಲು ವಕ್ತಾರರಿರುತ್ತಾರೆ. ಇವಳಿಗಿದ್ದವನು ನಾನೊಬ್ಬ, ಮತ್ತು ನಾನು ಏನು ಮಾಡಿದೆನೆಂದು ನೀವು ಓದಿದ್ದೀರಿ.

ಶೆಟ್ಟರು ಬರಿಗೈಯಲ್ಲಿ ಮರಳುವ ಹೊತ್ತಿಗೆ ಮೇಜುಗಳು ತುಂಬಿದ್ದವು. ಗಲ್ಲಾದಲ್ಲಿ ಸೊಸೆ, ಬಾಣಲೆಯ ಮುಂದೆ ಮಗ, ಮೊದಲ ಮೇಜಿನಲ್ಲಿ ನಾನು. "ಬೋಣಿ ಯಾರದ್ದು?" ಎಂದರು. "ಸರ್‌ದು ಮಾವ," ಎಂದಳು ಅವಳು. ಶೆಟ್ಟರು ನನ್ನನ್ನೂ ಸಿಲಿಂಡರನ್ನೂ ಒಂದೊಂದು ಸಲ ನೋಡಿದರು. ಆಗಲೇ ರಿಕ್ಷಾದಿಂದಿಳಿದ ವಾರಿಜಕ್ಕ ಸೊಸೆಯನ್ನು ಕಂಡು ಬಾಗಿಲಲ್ಲೇ ನಿಂತರು. ತಟ್ಟೆ ಹಿಡಿದು ಹೊರಬಂದ ಮಗನನ್ನು ಕಂಡು ಇನ್ನಷ್ಟು ನಿಂತರು. ಬಳಿಕ ಗಂಡನ ಕಡೆ ತಿರುಗಿ, "ಬುಧವಾರ ಎಲ್ಲರೂ ಬರ್ತೇವೆ ಅಂತ ಜ್ಯೋತಿಷ್ಯರಿಗೆ ಹೇಳಿ ಆಗಿದೆ," ಎಂದರು.

ಅಶ್ವಿತಾಳ ಕೈ ಗಲ್ಲಾದ ಮೇಲೆ ನಿಂತುಬಿಟ್ಟಿತು.

"ಎಲ್ಲರೂ ಹೋದರೆ ಇಲ್ಲಿ ಯಾರು ಉಂಟು?" ಶೆಟ್ಟರು ಕಿರುಚಿಯೇ ಬಿಟ್ಟರು. "ಜನ ಇಲ್ಲ ಮಾರಾಯ್ತಿ, ಜನ ಇಲ್ಲ! ಮುಂದಿನ ವಾರ ನೋಡುವಾ."

ಆ ಮುಂದಿನ ವಾರ ಇನ್ನೂ ಬಂದಿಲ್ಲ. ಸಪ್ಲಾಯರ್‌ಗಳೂ ಬಂದಿಲ್ಲ. ಬಾರದಿರಲಿ ಎಂದು ನಾನು ಗುಟ್ಟಾಗಿ ಹಾರೈಸುತ್ತೇನೆ. ಅರ್ಥಶಾಸ್ತ್ರದವನಿಗೆ ಇದು ಶೋಭಿಸುವ ಹಾರೈಕೆಯಲ್ಲ. ಒಂದು ಹುಡುಗಿಯ ಸಂಸಾರ ಉಳಿಸಿದ ಈ ಕಾರ್ಮಿಕರ ಅಭಾವದ ಶ್ರೇಯಸ್ಸು ಯಾವ ಅಧ್ಯಕ್ಷರಿಗೆ ಸಲ್ಲಬೇಕೆಂದು ಬಲ್ಲವರು ತಿಳಿಸಿದರೆ ಒಂದು ಶಾಲು, ಹಣ್ಣಿನ ಬುಟ್ಟಿ ನನ್ನ ಖರ್ಚಿನಲ್ಲಿ.

ಶೆಟ್ಟರು ಗಲ್ಲಾದಲ್ಲಿ ಕೂತ ದಿನ ನಾನು ಈಗಲೂ ಹೊರಗೆ ಪೇಪರ್ ಓದುತ್ತೇನೆ. ಅಶ್ವಿತಾ ಇದ್ದ ದಿನ ನೇರ ಒಳಗೆ. ನಾನು ಬೋಣಿ ಮಾಡಿದ ಆ ಸೋಮವಾರ ಹೋಟೆಲಿನಲ್ಲಿ ಸಂಜೆಯವರೆಗೂ ಗ್ಯಾಸ್ ಮುಗಿಯಲಿಲ್ಲ. ಅದು ನನ್ನ ಕಾಲ್ಗುಣವೆಂದು ಮಾತ್ರ ಈ ತನಕ ಯಾರೂ ಹೇಳಿಲ್ಲ.